ಮತಭಿಕ್ಷೆಯೂ ಮಠದ ಅಂಗಳವೂ

(ಮಹೋತ್ಸವದ ಧರ್ಮಸಭೆಯಲ್ಲಿ ನಡೆದ ಉಪನ್ಯಾಸ)

 

ಧರ್ಮಸಭೆಗಳಲ್ಲಿ ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರಗಳನ್ನು ಕುರಿತು ಉಪನ್ಯಾಸಗಳು ನಡೆಯುವುದು ಪದ್ಧತಿ. ಅಂತಹ ಸಭೆಯಲ್ಲಿ ಶಾಸನಸಭೆಯ ಸ್ಥಾನಕ್ಕೆ ಅಭ್ಯರ್ಥಿಯಾಗಿ ನಿಲ್ಲುವ ವಿಷಯವನ್ನು ಎತ್ತಿಕೊಂಡಿರುವುದು ಕೆಲವರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಆದರೆ ಐದು ವರ್ಷಕ್ಕೊಮ್ಮೆ, ಕೆಲವು ವೇಳೆ ಅದಕ್ಕೂ ಮುಂಚೆ, ಮಠದ ಮಹಾದ್ವಾರದ ಮುಂದೆ ಮೋಟಾರುಗಳ ಸಾಲು ನಿಲ್ಲುತ್ತದೆ. ಹೆಗಲ ಮೇಲೆ ಬಣ್ಣಬಣ್ಣದ ಶಲ್ಯ ಹೊದ್ದವರು ಗದ್ದುಗೆಗೆ ನಮಸ್ಕರಿಸಿ, ವಿಭೂತಿಯನ್ನು ಧರಿಸಿ, ಶ್ರೀಗಳವರ ಆಶೀರ್ವಾದವನ್ನು ಬೇಡುತ್ತಾರೆ. ಅವರು ಹೋದ ತರುವಾಯ ಭಕ್ತರು ಒಬ್ಬರ ಮುಖವನ್ನೊಬ್ಬರು ನೋಡಿ, “ಈ ಸಲ ಮಠದ ಒಲವು ಯಾರ ಕಡೆಗೆ?” ಎಂದು ಮೆಲ್ಲನೆ ಕೇಳಿಕೊಳ್ಳುತ್ತಾರೆ. ಪ್ರಶ್ನೆಯು ಮಠದ ಅಂಗಳದಲ್ಲಿ ಹುಟ್ಟಿದುದಾದ್ದರಿಂದ ಅದರ ವಿಚಾರವೂ ಇದೇ ಅಂಗಳದಲ್ಲಿ ನಡೆಯುವುದು ಯುಕ್ತ. ಅಲ್ಲದೆ ಹಾಗೆ ಬಂದವರಲ್ಲಿ ಎಷ್ಟೋ ಮಂದಿ ಈ ಭಕ್ತವೃಂದದ ಮನೆಯ ಮಕ್ಕಳೇ ಆಗಿರುತ್ತಾರೆ. ಮುಂದೆ ನಿಲ್ಲಬೇಕೆಂಬ ಹಂಬಲವುಳ್ಳ ತರುಣರೂ ಈ ಸಭೆಯಲ್ಲಿ ಇಲ್ಲದೆ ಇಲ್ಲ.

ಮೊದಲು ಶಬ್ದವಿಚಾರ. ಚುನಾವಣೆಗೆ ನಿಂತವನನ್ನು ಕರೆಯಲು ಕನ್ನಡದಲ್ಲಿ ಮೂರು ಶಬ್ದಗಳು ಬಳಕೆಯಲ್ಲಿವೆ. ‘ಅಭ್ಯರ್ಥಿ’ ಎಂಬುದು ಸಂಸ್ಕೃತ. ಬೇಡುವುದು ಎಂಬರ್ಥದ ಧಾತುವಿನಿಂದ ಹುಟ್ಟಿ, ಎದುರಿಗೆ ಬಂದು ಯಾಚಿಸುವವನೆಂಬ ಅರ್ಥವನ್ನು ಕೊಡುತ್ತದೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ಹಿರಿಯರು ‘ಉಮೇದುವಾರ’ ಎನ್ನುವರು. ಇದು ಪಾರಸಿಯಿಂದ ಬಂದ ಮಾತು. ಉಮೇದು ಎಂದರೆ ಆಸೆ, ಭರವಸೆ. ಮೂರನೆಯದು ಅಚ್ಚಗನ್ನಡದ ‘ಹುರಿಯಾಳು’. ಕಣಕ್ಕಿಳಿದ ಜಟ್ಟಿ ಎಂಬುದು ಅದರ ಭಾವ. ಬೇಡುವವನು, ಆಶಿಸುವವನು, ಸೆಣಸುವವನು—ಮೂರೂ ಗುಣಗಳು ಒಬ್ಬನಲ್ಲಿಯೇ ಕೂಡಿರಬೇಕಾದವು. ಈಚಿನ ಕಾಲದ ಬೀದಿಗಳಲ್ಲಿ ಆಳೆತ್ತರದ ಚಿತ್ರಪಟಗಳನ್ನು ನೋಡಿದರೆ ಹುರಿಯಾಳೊಬ್ಬನೇ ಉಳಿದು, ಯಾಚಕನು ಎಲ್ಲಿಯೋ ಮರೆಯಾದಂತೆ ತೋರುತ್ತದೆ.

ಇನ್ನು ಆ ಯಾಚಕನು ಬೇಡುವ ವಸ್ತುವಾದರೂ ಯಾವುದು? ‘ಮತ.’ ಇದು ಬಹು ಸೋಜಿಗದ ಶಬ್ದ. ಮನನಮಾಡುವುದೆಂಬ ಧಾತುವಿನಿಂದ ಬಂದ ಇದಕ್ಕೆ, ಮನಸ್ಸಿನಲ್ಲಿ ಆಲೋಚಿಸಿ ನಿಶ್ಚಯಿಸಿದ್ದು ಎಂಬುದು ಮೂಲಾರ್ಥ. ಶಾಸ್ತ್ರಗ್ರಂಥಗಳಲ್ಲಿ ಆಚಾರ್ಯರ ಸಿದ್ಧಾಂತಕ್ಕೆ ಮತವೆಂದು ಹೆಸರು. ಜನರ ಮಾತಿನಲ್ಲಿ ಧರ್ಮಸಂಪ್ರದಾಯಕ್ಕೂ ಅದೇ ಹೆಸರು. ಚುನಾವಣೆಯ ಪೆಟ್ಟಿಗೆಗೆ ಬೀಳುವ ಓಟಿಗೂ ಅದೇ ಹೆಸರು. ಆಂಗ್ಲಭಾಷೆಯಲ್ಲಿ ಇವೆರಡಕ್ಕೂ ಬೇರೆಬೇರೆ ಮಾತುಗಳಿರುವುದರಿಂದ ಅಲ್ಲಿ ಈ ಗೊಂದಲವಿಲ್ಲ. ಕನ್ನಡಿಗರಿಗಾದರೋ ಶಬ್ದವೊಂದೇ ಆದುದರಿಂದ, ವಸ್ತುವೂ ಒಂದೇ ಎಂಬ ಭ್ರಾಂತಿಗೆ ಎಡೆಯಾಗಿದೆ. ಧರ್ಮಮತವನ್ನು ಗುರುವಿನಿಂದ ಪಡೆದಂತೆ ಚುನಾವಣೆಯ ಮತವನ್ನೂ ಗುರುವಿನಿಂದಲೇ ಪಡೆಯಬೇಕೆಂದು ಭಕ್ತನು ತಿಳಿದರೆ, ಭಕ್ತರ ಮತಗಳೆಲ್ಲವೂ ಗುರುವಿನ ಭಂಡಾರದಲ್ಲಿವೆಯೆಂದು ಅಭ್ಯರ್ಥಿಯು ತಿಳಿಯುತ್ತಾನೆ. ಹೀಗೆ ತಿಳಿದುದರಿಂದಲೇ ಮೋಟಾರುಗಳ ಸಾಲು ಮಹಾದ್ವಾರಕ್ಕೆ ಬರುತ್ತದೆ.

ಈ ವ್ಯವಸ್ಥೆ ನಮ್ಮ ನಾಡಿಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ನೋಡಬಹುದು. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿ ಸೇರಿತು. ಅದರ ಸದಸ್ಯರು ಆಗ ಯಾರ ಬಾಗಿಲಿಗೂ ಹೋಗಿ ಬೇಡಿದವರಲ್ಲ. ನೇಮಕಗೊಂಡು ಬಂದ ಭೂಮಾಲಿಕರು ಮತ್ತು ವರ್ತಕರು. 1891ರಿಂದ ಚುನಾವಣೆಯ ಕ್ರಮ ಬಂದಿತಾದರೂ ಮತಾಧಿಕಾರವು ಕಂದಾಯ ಕೊಡುವ ಸ್ಥಿತಿವಂತರಿಗೂ ವಿದ್ಯಾವಂತರಿಗೂ ಮಾತ್ರ ಮೀಸಲಾಗಿತ್ತು. 1926ರಲ್ಲಿ ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ಶಾಸನಸಭೆಗೆ ಅಭ್ಯರ್ಥಿಯಾಗಿ ನಿಂತರು. ಹಿಂದೂಸ್ಥಾನದಲ್ಲಿ ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿದ ಮೊದಲ ಮಹಿಳೆಯೆಂಬ ಕೀರ್ತಿ ಅವರದು. ಅಲ್ಪ ಮತಗಳ ಅಂತರದಿಂದ ಅವರು ಸೋತರು. ಆದರೆ ಬಾಗಿಲು ತೆರೆದುದು ತೆರೆದೇ ಇತ್ತು. (ತೆರೆದ ಬಾಗಿಲಿನಿಂದ ಒಳಹೊಕ್ಕವರೆಷ್ಟು ಎಂಬುದು ಬೇರೆ ಮಾತು. 97 ವರ್ಷಗಳು ಕಳೆದು, 2023ರ ಚುನಾವಣೆಯಲ್ಲಿ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳ ಪೈಕಿ ಗೆದ್ದ ಮಹಿಳೆಯರು ಕೇವಲ 10 ಮಂದಿ. ಅಕ್ಕಮಹಾದೇವಿಯ ಹೆಸರನ್ನು ಮಾತುಮಾತಿಗೆ ಹೇಳುವ ನಾಡಿನಲ್ಲಿ ಇದು ಹೆಮ್ಮೆಯ ಸಂಖ್ಯೆಯಲ್ಲ.)

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯುವಂತಿಲ್ಲ. ಕಲ್ಯಾಣದ ಅನುಭವಮಂಟಪವೇ ಜಗತ್ತಿನ ಮೊದಲ ಪಾರ್ಲಿಮೆಂಟೆಂದು ವೇದಿಕೆಗಳಲ್ಲಿ ಹೇಳುವುದು ರೂಢಿಯಾಗಿದೆ. ಅಭಿಮಾನದ ಮಾತೆಂದು ಅದನ್ನು ಒಪ್ಪಬಹುದು. ಆದರೆ ಅನುಭವಮಂಟಪಕ್ಕೆ ಮತಕ್ಷೇತ್ರಗಳಿರಲಿಲ್ಲ, ಅವಧಿಯಿರಲಿಲ್ಲ, ಅಲ್ಲಿ ಕುಳಿತವರಾರೂ ಮತ ಬೇಡಿ ಬಂದವರಲ್ಲ. ಅನುಭಾವದ ಬಲದಿಂದ ದೊರೆತ ಆ ಆಸನವನ್ನು, ಎಣಿಕೆಯ ಬಲದಿಂದ ದೊರೆಯುವ ಈ ಆಸನಕ್ಕೆ ಹೋಲಿಸಿದರೆ ಎರಡಕ್ಕೂ ನ್ಯಾಯವಾಗದು. ಕಾಯಕದ ಭೇದವನ್ನೆಣಿಸದೆ ಎಲ್ಲರಿಗೂ ಮಾತನಾಡುವ ಹಕ್ಕನ್ನು ಕೊಟ್ಟುದಷ್ಟರಲ್ಲಿ ಸಾಮ್ಯವುಂಟು. ಆ ಸಾಮ್ಯವು ರಾಜ್ಯವ್ಯವಸ್ಥೆಯಲ್ಲಿ ಸಿದ್ಧಿಸಿದ್ದು 1950ರ ಸಂವಿಧಾನದಿಂದ. ಸಿರಿವಂತ ಬಡವ, ಓದಿದವ ಓದದವ, ಗಂಡು ಹೆಣ್ಣು ಎಂಬ ಭೇದವಿಲ್ಲದೆ 21 ವರ್ಷ ತುಂಬಿದವರೆಲ್ಲರಿಗೂ ಅದು ಮತಾಧಿಕಾರವನ್ನಿತ್ತಿತು. 1989ರಲ್ಲಿ ಆ ವಯಸ್ಸು 18ಕ್ಕೆ ಇಳಿಯಿತು. 1952ರಲ್ಲಿ ಮೈಸೂರಿನ 99 ಸ್ಥಾನಗಳ ಶಾಸನಸಭೆಗೆ ಚುನಾವಣೆ ನಡೆದಾಗ, ಊರ ಗೌಡನು ಗುಡಿಸಲಿನ ಮುಂದೆ ಕೈಮುಗಿದು ನಿಲ್ಲಬೇಕಾದ ದೃಶ್ಯವನ್ನು ಈ ನಾಡು ಮೊದಲ ಸಲ ಕಂಡಿತು.

ಈಗ, ಒಬ್ಬನು ಅಭ್ಯರ್ಥಿಯಾಗುವುದು ಹೇಗೆ? ವಿಧಾನಸಭೆಗೆ ನಿಲ್ಲುವವನಿಗೆ 25 ವರ್ಷ ತುಂಬಿರಬೇಕು; ವಿಧಾನಪರಿಷತ್ತಿಗಾದರೆ 30. ಆತನು ಭಾರತದ ಪ್ರಜೆಯಾಗಿದ್ದು, ಆ ರಾಜ್ಯದ ಯಾವುದಾದರೊಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರುಳ್ಳವನಾಗಿರಬೇಕು. ಕರ್ನಾಟಕದ 224 ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗಳಿಗೂ 15 ಪರಿಶಿಷ್ಟ ಪಂಗಡಗಳಿಗೂ ಮೀಸಲು. ಸರ್ಕಾರದ ಲಾಭದಾಯಕ ಹುದ್ದೆಯಲ್ಲಿರುವವನು, ದಿವಾಳಿಯೆಂದು ಘೋಷಿತನಾದವನು, ಎರಡು ವರ್ಷ ಅಥವಾ ಅದಕ್ಕೆ ಮೀರಿದ ಕಾರಾಗೃಹ ಶಿಕ್ಷೆಗೊಳಗಾದವನು ನಿಲ್ಲಲಾರನು. ಹೀಗೆ ಶಿಕ್ಷೆಗೊಳಗಾದವನಿಗೆ, ಶಿಕ್ಷೆ ಮುಗಿದ ಮೇಲೂ ಆರು ವರ್ಷಗಳ ತನಕ ಆ ಅರ್ಹತೆಯಿಲ್ಲ.

ನಾಮಪತ್ರವನ್ನು ಬೆಳಗಿನ 11 ಗಂಟೆಯಿಂದ ಮಧ್ಯಾಹ್ನದ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಮುಂದೆ ಇಡಬೇಕು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಆ ಕ್ಷೇತ್ರದ ಒಬ್ಬ ಮತದಾರನು ಸೂಚಕನಾದರೆ ಸಾಕು. ಪಕ್ಷೇತರನಿಗೆ ಹತ್ತು ಮಂದಿ ಬೇಕು. ಬಳಿಕ ಪರಿಶೀಲನೆಯ ದಿನಕ್ಕೆ ಮುಂಚೆಯೇ ದೇವರ ಹೆಸರಿನಲ್ಲಾಗಲಿ, ಸತ್ಯನಿಷ್ಠೆಯಿಂದಾಗಲಿ ಸಂವಿಧಾನಕ್ಕೆ ನಿಷ್ಠನಾಗಿರುವೆನೆಂದು ಪ್ರಮಾಣಮಾಡಬೇಕು. ಗೆದ್ದ ಮೇಲೆ ಮಾಡುವ ಪ್ರಮಾಣ ಬೇರೆ. ಇದು ಬೇಡಲು ಹೊರಡುವ ಮುಂಚಿನ ಪ್ರಮಾಣ. ಜೋಳಿಗೆಯನ್ನು ಹೆಗಲಿಗೇರಿಸುವ ಮುನ್ನ ದೀಕ್ಷೆಯಾಗಬೇಕೆಂಬ ನಿಯಮದಂತೆಯೇ ಇದೂ ಇದೆಯೆಂದರೆ ಮಠದ ಶಿಷ್ಯರಿಗೆ ಸುಲಭವಾಗಿ ಅರ್ಥವಾದೀತು.

ಠೇವಣಿಯ ಕಥೆ ಸ್ವಲ್ಪ ಸ್ವಾರಸ್ಯವುಳ್ಳದ್ದು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯಲ್ಲಿ ವಿಧಾನಸಭೆಯ ಅಭ್ಯರ್ಥಿಯ ಠೇವಣಿ 250 ರೂಪಾಯಿ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ರೂಪಾಯಿಯ ಬೆಲೆ ಇಳಿಯುತ್ತ ಬಂದರೂ ಆ ಅಂಕೆ ಮಾತ್ರ ನಾಲ್ಕು ದಶಕಗಳಿಗೂ ಮೀರಿ ಕದಲಲಿಲ್ಲ. 1996ರಲ್ಲಿ ತಮಿಳುನಾಡಿನ ಮೊಡಕುರಿಚಿ ಎಂಬ ಒಂದೇ ಕ್ಷೇತ್ರದಲ್ಲಿ 1,033 ಅಭ್ಯರ್ಥಿಗಳು ನಿಂತರು! ಅವರಲ್ಲಿ ಬಹುಮಂದಿ ತಮ್ಮ ಸಂಕಟಕ್ಕೆ ಸರ್ಕಾರದ ಕಿವಿ ತೆರೆಯಲೆಂದು ನಿಂತ ರೈತರು. ಮತಪತ್ರವು ಪತ್ರವಾಗಿ ಉಳಿಯದೆ ಪುಸ್ತಕವಾಯಿತು. ಅದೇ ವರ್ಷ ಲೋಕಸಭೆಯ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರದಲ್ಲಿಯೂ 456 ಮಂದಿ ಹೀಗೆಯೇ ನಿಂತಿದ್ದರು. ಕೂಡಲೇ ಕಾಯಿದೆಯನ್ನು ತಿದ್ದಿ ವಿಧಾನಸಭೆಯ ಠೇವಣಿಯನ್ನು 5,000 ರೂಪಾಯಿಗೆ ಏರಿಸಿದರು. ಪಕ್ಷೇತರನಿಗೆ ಹತ್ತು ಸೂಚಕರು ಬೇಕೆಂಬ ನಿಯಮವೂ ಆಗಲೇ ಬಂದಿತು. 2009ರ ತಿದ್ದುಪಡಿಯಿಂದ ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ ಅದರಲ್ಲಿ ಅರ್ಧ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರರಲ್ಲೊಂದು ಪಾಲನ್ನು ಮೀರದವನ ಠೇವಣಿ ಸರ್ಕಾರದ ಪಾಲು. ಬೇಡುವವರ ಸಂಖ್ಯೆಯನ್ನು ಕಡಿಮೆಮಾಡಲು ಹಣದ ಬೇಲಿ ಹಾಕಿದ್ದು ಸರಿಯೆ ಎಂಬುದು ವಿಚಾರಾರ್ಹ. ಆ ಬೇಲಿಯನ್ನು ಹಣವಂತನು ದಾಟುತ್ತಾನೆ. ನಿಂತುಹೋಗುವವನು ಆ ರೈತನೇ.

ಎಲ್ಲಕ್ಕಿಂತ ಮುಖ್ಯವಾದುದು ನಾಮಪತ್ರದ ಜೊತೆಗಿಡುವ ಪ್ರಮಾಣಪತ್ರ. ತನ್ನ, ತನ್ನ ಪತ್ನಿಯ ಅಥವಾ ಪತಿಯ, ಅವಲಂಬಿತರ ಆಸ್ತಿಯೆಷ್ಟು, ಸಾಲವೆಷ್ಟು, ತನ್ನ ಮೇಲೆ ಅಪರಾಧದ ಮೊಕದ್ದಮೆಗಳು ಯಾವುವು, ಓದಿದ್ದೆಷ್ಟು ಎಂಬುದನ್ನೆಲ್ಲ ಅಭ್ಯರ್ಥಿಯು ಆಣೆಯಿಟ್ಟು ಬರೆದುಕೊಡಬೇಕು. ಇದು ರಾಜಕಾರಣಿಗಳು ತಾವಾಗಿ ತಂದುಕೊಂಡ ನಿಯಮವಲ್ಲ. 2002ರ ಮೇ 2ರಂದು ಸುಪ್ರೀಂ ಕೋರ್ಟು, ಅಭ್ಯರ್ಥಿಯ ವೃತ್ತಾಂತವನ್ನು ತಿಳಿಯುವುದು ಮತದಾರನ ಹಕ್ಕೆಂದು ತೀರ್ಪಿತ್ತಿತು. ಅದನ್ನು ಸಡಿಲಿಸುವಂತೆ ಪಾರ್ಲಿಮೆಂಟು ಕಾಯಿದೆಯನ್ನು ತಿದ್ದಿತು. 2003ರ ಮಾರ್ಚ್ 13ರಂದು ನ್ಯಾಯಾಲಯವು ಆ ತಿದ್ದುಪಡಿಯ ಬಲವನ್ನೇ ತೆಗೆದುಹಾಕಿತು. ಸುಳ್ಳು ಬರೆದವನಿಗೆ ಆರು ತಿಂಗಳ ತನಕ ಸೆರೆಮನೆಯೋ ದಂಡವೋ ಎರಡೂ ಉಂಟು. ಈ ಪತ್ರಗಳನ್ನು ಚುನಾವಣಾ ಆಯೋಗವು ಎಲ್ಲರ ಕಣ್ಣಿಗೆ ಬೀಳುವಂತೆ ಪ್ರಕಟಿಸುತ್ತದೆ. ಭಕ್ತರಲ್ಲಿ ಅದನ್ನು ಓದಿನೋಡಿದವರು ಎಷ್ಟು ಮಂದಿ? ಹೆಣ್ಣು ತರುವಾಗ, ಗಂಡು ನೋಡುವಾಗ ಮೂರು ತಲೆಮಾರಿನ ಸುದ್ದಿಯನ್ನು ಕೆದಕುವ ಮನೆತನಗಳು, ಐದು ವರ್ಷ ನಾಡಿನ ಬೊಕ್ಕಸದ ಬಳಿ ಕುಳಿತುಕೊಳ್ಳುವವನ ವೃತ್ತಾಂತವನ್ನು ಕೇಳುವಾಗ ಮಾತ್ರ “ಅವ ನಮ್ಮವನೇನು?” ಎಂಬ ಒಂದೇ ಪ್ರಶ್ನೆಯಲ್ಲಿ ಮುಗಿಸಿಬಿಡುತ್ತವೆ.

ಬೇಡುವ ಕ್ರಮಕ್ಕೆ ಬರಬೇಕು. ಜಂಗಮನು ಜೋಳಿಗೆ ಹಿಡಿದು ಹೊರಟಾಗ ಒಂದೇ ಮನೆಯ ಕಣಜವನ್ನು ಬರಿದುಮಾಡುವುದಿಲ್ಲ. ಮನೆಮನೆಗೂ ಹೋಗಿ ಹಿಡಿಹಿಡಿಯಾಗಿ ಪಡೆಯುತ್ತಾನೆ. ಕೊಟ್ಟವರೆಲ್ಲರೂ ಆ ಭಿಕ್ಷೆಯಲ್ಲಿ ಪಾಲುಗಾರರು. ಹಿಡಿಯಷ್ಟೇ ಕೊಟ್ಟ ಬಡವಿಯ ಹಿಡಿಯೂ ಶ್ರೀಮಂತನ ಹಿಡಿಯೂ ಜೋಳಿಗೆಯೊಳಗೆ ಬೆರೆತ ಮೇಲೆ ಬೇರೆಯಾಗಿ ಕಾಣವು. ಮತಭಿಕ್ಷೆಯೂ ಹೀಗೆಯೇ ಇರಬೇಕಾದುದು. ಶಾಂತವೇರಿ ಗೋಪಾಲಗೌಡರ ಉದಾಹರಣೆಯನ್ನು ನಾಡು ಇನ್ನೂ ಮರೆತಿಲ್ಲ. 1951ರ ಕಾಗೋಡು ಗೇಣಿದಾರರ ಸತ್ಯಾಗ್ರಹದಲ್ಲಿ ದುಡಿದ ಆ ಸಮಾಜವಾದಿ ತರುಣನು 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ನಿಂತು ಗೆದ್ದನು. ಆತನ ಬಳಿ ಹಣವಿರಲಿಲ್ಲ. ‘ಒಂದು ಓಟು, ಒಂದು ನೋಟು’ ಎಂಬುದು ಆತನ ಬೇಡಿಕೆಯಾಗಿತ್ತೆಂದು ಮಲೆನಾಡಿನವರು ಹೇಳುತ್ತಾರೆ. ಮತ ಕೊಡುವವನೇ ಖರ್ಚಿಗೂ ಒಂದು ರೂಪಾಯಿ ಕೊಡಬೇಕು! 1957ರಲ್ಲಿ ಸೋತು, 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿಯಿಂದ ಮತ್ತೆ ಗೆದ್ದು ಬಂದರು. ಇಂದು ಆ ನೋಟು ತಿರುಗುಮುರುಗಾಗಿ, ಅಭ್ಯರ್ಥಿಯ ಕೈಯಿಂದ ಮತದಾರನ ಕೈಗೆ ಬರುತ್ತಿದೆ.

ಕರ್ನಾಟಕದಂತಹ ರಾಜ್ಯದಲ್ಲಿ ವಿಧಾನಸಭೆಯ ಅಭ್ಯರ್ಥಿಯು ಮಾಡಬಹುದಾದ ವೆಚ್ಚದ ಮಿತಿಯನ್ನು 2022ರ ಜನವರಿಯಲ್ಲಿ 40 ಲಕ್ಷ ರೂಪಾಯಿಗೆ ನಿಗದಿಪಡಿಸಲಾಯಿತು. ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗಿನ ಪೈಪೈಯ ಲೆಕ್ಕವನ್ನಿಟ್ಟು, ಫಲಿತಾಂಶದ 30 ದಿನಗಳೊಳಗೆ ಒಪ್ಪಿಸಬೇಕು. ತಪ್ಪಿದವನನ್ನು ಆಯೋಗವು ಮೂರು ವರ್ಷ ಅನರ್ಹಗೊಳಿಸಬಹುದು. ಕಾಗದದ ಲೆಕ್ಕಕ್ಕೂ ಊರು ಕಣ್ಣಾರೆ ಕಂಡ ಲೆಕ್ಕಕ್ಕೂ ಇರುವ ಅಂತರವನ್ನು ಇಲ್ಲಿ ವಿವರಿಸಬೇಕಾದುದಿಲ್ಲ. ಆದರೆ ಒಂದು ವಿಷಯವನ್ನು ಭಕ್ತರು ತಿಳಿದಿರಬೇಕು. ಹಣ, ಸೀರೆ, ಪಾತ್ರೆಗಳನ್ನು ಹಂಚಿ ಮತ ಪಡೆಯುವುದು ಲಂಚ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ, ಅದಕ್ಕೆ ಹಿಂದಿದ್ದ ದಂಡಸಂಹಿತೆಯಲ್ಲಿಯೂ ಕೊಟ್ಟವನಂತೆ ತೆಗೆದುಕೊಂಡವನೂ ಅಪರಾಧಿಯೇ. ಸತ್ಯಶುದ್ಧ ಕಾಯಕದ ಗಳಿಕೆಯನ್ನೇ ದಾಸೋಹಕ್ಕೆ ಒಪ್ಪಿಸಬೇಕೆಂಬ ಮನೆತನದಲ್ಲಿ ಆ ಸೀರೆಯನ್ನುಟ್ಟು ಗದ್ದುಗೆಗೆ ಬರುವ ತಾಯಿಯೊಬ್ಬಳು ಕ್ಷಣಕಾಲ ಯೋಚಿಸಲಿ. ಅವಳಿಗೆ ಅದನ್ನು ಕೊಡಲು ಬಂದವನು ಅವಳಿಗಿಂತ ಹತ್ತುಪಾಲು ಹೆಚ್ಚು ಯೋಚಿಸಬೇಕಾಗಿತ್ತು.

ಇನ್ನು ಮಠದ ವಿಚಾರ. “ಶ್ರೀಗಳವರು ಒಂದು ಮಾತು ಹೇಳಿಬಿಟ್ಟರೆ ಹತ್ತು ಹಳ್ಳಿಗಳ ಮತ ಒಂದೇ ಕಡೆಗೆ ಬೀಳುತ್ತದೆ, ಅದರಿಂದ ಮಠಕ್ಕೂ ಸಮಾಜಕ್ಕೂ ಹಿತವಾಗುತ್ತದೆ, ಹೇಳುವುದರಲ್ಲಿ ದೋಷವೇನು?” ಎಂದು ಒಳ್ಳೆಯ ಮನಸ್ಸಿನಿಂದಲೇ ಕೇಳುವ ಭಕ್ತರಿದ್ದಾರೆ. ಅವರಿಗೆ ಸಿರ್ಸಾ ಕ್ಷೇತ್ರದ ಮೊಕದ್ದಮೆಯನ್ನು ತಿಳಿಸುವುದು ಅವಶ್ಯ. 1957ರಲ್ಲಿ ಪಂಜಾಬ ಶಾಸನಸಭೆಗೆ ಸಿರ್ಸಾದಿಂದ—ಅದು ಈಗ ಹರಿಯಾಣಕ್ಕೆ ಸೇರಿದೆ—ರಾಮದಯಾಳ ಎಂಬವರು ಆಯ್ಕೆಯಾದರು. ನಾಮಧಾರಿ ಪಂಥದ ಅನುಯಾಯಿಗಳೆಲ್ಲರೂ ಅವರಿಗೇ ಮತ ಕೊಡತಕ್ಕದ್ದೆಂದು ಆ ಪಂಥದ ಗುರುಗಳ ಹುಕುಮು ಹೊರಟಿತ್ತು. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ 1959ರಲ್ಲಿ ತೀರ್ಮಾನವಾಯಿತು. ನ್ಯಾಯಾಲಯವು ವಿವೇಚಿಸಿದ ರೀತಿ ಬಹು ಸೂಕ್ಷ್ಮವಾದುದು. ಧರ್ಮಗುರುವೂ ಒಬ್ಬ ಪ್ರಜೆ. ಆತನಿಗೂ ತನ್ನ ಅಭಿಪ್ರಾಯವುಂಟು. ಯಾರು ಯೋಗ್ಯರೆಂದು ಆತನು ಹೇಳಬಹುದು, ತಾನು ಮತ ಹಾಕಬಹುದು. ಆದರೆ ಆತನ ಮಾತು ಸಲಹೆಯಾಗಿ ಉಳಿಯದೆ ಆಜ್ಞೆಯಾಗಿ, ಮೀರಿದರೆ ದೈವಕೋಪಕ್ಕೆ ಗುರಿಯಾದೇವೆಂಬ ಭಯವನ್ನು ಅನುಯಾಯಿಯ ಮನಸ್ಸಿನಲ್ಲಿ ಹುಟ್ಟಿಸಿ, ಆಯ್ಕೆಯ ಸ್ವಾತಂತ್ರ್ಯವನ್ನೇ ಇಲ್ಲದಂತೆ ಮಾಡಿದರೆ, ಅದು ಅನುಚಿತ ಪ್ರಭಾವ. ಆ ಆಯ್ಕೆಯು ರದ್ದಾಯಿತು. ಗುರುವಿನ ಕೃಪೆಯಿಂದ ಗೆದ್ದೆನೆಂದುಕೊಂಡವನ ಸ್ಥಾನವು ಗುರುವಿನ ಆಜ್ಞೆಯಿಂದಲೇ ಹೋಯಿತು.

1951ರ ಕಾಯಿದೆಯ 123ನೆಯ ಪ್ರಕರಣದಲ್ಲಿ ಈ ಮಾತು ಸ್ಪಷ್ಟವಾಗಿಯೇ ಇದೆ. ದೈವದ ಅವಕೃಪೆಗೋ ಧಾರ್ಮಿಕ ನಿಂದೆಗೋ ಪಾತ್ರನಾಗುವೆಯೆಂದು ಮತದಾರನನ್ನಾಗಲಿ ಅಭ್ಯರ್ಥಿಯನ್ನಾಗಲಿ ನಂಬಿಸುವುದು ಭ್ರಷ್ಟ ಆಚರಣೆ. ಧರ್ಮ, ಜಾತಿ, ಸಮುದಾಯ, ಭಾಷೆಗಳ ಹೆಸರಿನಲ್ಲಿ ಮತ ಕೇಳುವುದೂ ಭ್ರಷ್ಟ ಆಚರಣೆಯೇ. ಅಭ್ಯರ್ಥಿಯ ಧರ್ಮವನ್ನು ಹೇಳಿಕೊಂಡರೆ ಮಾತ್ರ ದೋಷವೋ, ಮತದಾರನ ಧರ್ಮವನ್ನು ಹಿಡಿದು ಕೇಳಿದರೂ ದೋಷವೋ ಎಂಬ ಸಂಶಯ ಬಹುಕಾಲ ಉಳಿದಿತ್ತು. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠವು, ನಾಲ್ವರು ಒಂದು ಕಡೆ ಮೂವರು ಒಂದು ಕಡೆಯಾಗಿ, ಎರಡೂ ದೋಷವೇ ಎಂದು ನಿರ್ಣಯಿಸಿತು. ಇದಲ್ಲದೆ, ಧಾರ್ಮಿಕ ಸಂಸ್ಥೆಗಳ ಆವರಣವನ್ನು ರಾಜಕೀಯ ಪ್ರಚಾರಕ್ಕೆ ಬಳಸಕೂಡದೆಂದು 1988ರಲ್ಲಿ ಪ್ರತ್ಯೇಕವಾದ ಕಾಯಿದೆಯೇ ಆಗಿದೆ.

ಕಾಯಿದೆಯ ಮಾತು ಹಾಗಿರಲಿ; ಅದು ಹೊರಗಿನ ಬೇಲಿ. ಧರ್ಮದ ದೃಷ್ಟಿಯಿಂದ ನೋಡಿದರೂ ನಿರ್ಣಯ ಬೇರೆಯಾಗದು. ಇಷ್ಟಲಿಂಗವನ್ನು ಗುರುವು ಶಿಷ್ಯನ ಕರಸ್ಥಲಕ್ಕೆ ಕರುಣಿಸುತ್ತಾನೆ. ಆದರೆ ಕೊಟ್ಟ ಮೇಲೆ ಅದರ ಪೂಜೆಯನ್ನು ಶಿಷ್ಯನೇ ಮಾಡಬೇಕು. ತಂದೆಯ ಪರವಾಗಿ ಮಗನಾಗಲಿ, ಹೆಂಡತಿಯ ಪರವಾಗಿ ಗಂಡನಾಗಲಿ, ಶಿಷ್ಯನ ಪರವಾಗಿ ಗುರುವಾಗಲಿ ಅದನ್ನು ಮಾಡುವಂತಿಲ್ಲ. ಪೂಜಾರಿಯನ್ನು ನಡುವೆ ನಿಲ್ಲಿಸಿಕೊಳ್ಳದ ಭಕ್ತನು, ತನ್ನ ಬುದ್ಧಿಯಿಂದ ನಿರ್ಣಯಿಸಬೇಕಾದ ಲೋಕವ್ಯವಹಾರದಲ್ಲಿ ನಡುವೆ ಒಬ್ಬರನ್ನು ನಿಲ್ಲಿಸಿಕೊಳ್ಳುವುದೇಕೆ? “ಈ ಪ್ರಸಾದನಿಲಯದಲ್ಲಿ ಉಂಡು ಓದಿದವರು ಮಠದ ಮಾತನ್ನು ಮೀರಬಹುದೆ?” ಎಂದು ಕೆಲವರು ಕೇಳುವುದುಂಟು. ಉಂಡವರನ್ನು ಋಣಿಗಳೆಂದು ಲೆಕ್ಕವಿಟ್ಟರೆ ಅದು ದಾಸೋಹವಾಗದೆ ಸಾಲವಾಗುತ್ತದೆ. ಆ ಸಾಲವನ್ನು ಮತದ ರೂಪದಲ್ಲಿ ವಸೂಲುಮಾಡಿ ಮತ್ತೊಬ್ಬನ ಕೈಗಿತ್ತರೆ, ಪ್ರಸಾದಕ್ಕೂ ಆ ಹಂಚುವ ಸೀರೆಗೂ ಭೇದವೇನು ಉಳಿಯಿತು?

ಇದರಲ್ಲಿ ಮಠಕ್ಕೆ ಆಗುವ ನಷ್ಟವೂ ಚಿಕ್ಕದಲ್ಲ. ಒಂದೇ ಮಠದ ಇಬ್ಬರು ಭಕ್ತರು ಒಂದೇ ಕ್ಷೇತ್ರದಲ್ಲಿ ಎದುರುಬದುರಾಗಿ ನಿಲ್ಲುವುದು ಅಪರೂಪವೇನಲ್ಲ. ಇಬ್ಬರ ಅಜ್ಜಂದಿರೂ ಇದೇ ರಥದ ಹಗ್ಗವನ್ನೆಳೆದವರು. ಇಬ್ಬರ ಮನೆಯ ಜೋಳವೂ ಇದೇ ದಾಸೋಹದ ಕಡಾಯಿಗೆ ಬಿದ್ದದ್ದು. ಮಠವು ಒಬ್ಬನ ಹೆಸರನ್ನು ಹೇಳಿತೆಂದರೆ ಮತ್ತೊಬ್ಬನ ಮನೆಯವರು ಮುಂದಿನ ಜಾತ್ರೆಗೆ ಬರುವ ಹೆಜ್ಜೆ ಭಾರವಾಗುತ್ತದೆ. ಬೇರೆ ಸಮಾಜಗಳಿಂದ ಹರಕೆ ಹೊತ್ತು ಬರುವ ಭಕ್ತರ ಮನಸ್ಸು ಇನ್ನೂ ಬೇಗ ಮುದುಡುತ್ತದೆ. ಗೆದ್ದವನ ಅವಧಿ ಐದು ವರ್ಷ. ಮುರಿದ ಮನಸ್ಸಿನ ಅವಧಿಯನ್ನು ಯಾವ ಆಯೋಗವೂ ನಿಗದಿಮಾಡಿಲ್ಲ.

ಹಾಗಾದರೆ ಅಭ್ಯರ್ಥಿಯು ಮಠಕ್ಕೆ ಬರಲೇಬಾರದೆ? ಬರಬಹುದು, ಎಲ್ಲರಂತೆ ಬರಬಹುದು. ವಿಭೂತಿ, ಪ್ರಸಾದ, ಆಶೀರ್ವಾದಗಳು ಕೇಳಿದವರೆಲ್ಲರಿಗೂ ಉಂಟು. ಅವನ ಪ್ರತಿಸ್ಪರ್ಧಿಗೂ ಅಷ್ಟೇ ಉಂಟು. ಆಶೀರ್ವಾದವು ಸದ್ಬುದ್ಧಿಗೆ ಕೊಡುವುದು, ಸಂಖ್ಯೆಗೆ ಕೊಡುವುದಲ್ಲ. ಬಾವುಟವನ್ನೂ ಧ್ವನಿವರ್ಧಕವನ್ನೂ ಮಹಾದ್ವಾರದ ಆಚೆ ಬಿಟ್ಟು ಬಂದವನಿಗೆ ಪಂಕ್ತಿಯಲ್ಲಿ ಎಲೆ ಹಾಕಲು ಅಡ್ಡಿಯಿಲ್ಲ. ಗುರುಗಳೊಡನೆ ತೆಗೆಸಿಕೊಂಡ ಭಾವಚಿತ್ರವನ್ನು ಮರುದಿನವೇ ಮತದಾರರ ಕೈಗೆ ಹಂಚುವವನು ಬೇಡಿದ್ದು ಆಶೀರ್ವಾದವಲ್ಲ, ಮುದ್ರೆ ಎಂದು ತಿಳಿಯತಕ್ಕದ್ದು.

ನಿಲ್ಲಬೇಕೆಂದಿರುವ ತರುಣರಿಗೆ ಸೋಲಿನ ವಿಷಯವನ್ನೂ ಹೇಳಬೇಕಾಗಿದೆ. ವೇದಿಕೆಗಳಲ್ಲಿ ಯಾರೂ ಅದನ್ನು ಹೇಳುವುದಿಲ್ಲ. 2023ರ ಮೇ 10ರಂದು ಕರ್ನಾಟಕದಲ್ಲಿ ನಡೆದ ಮತದಾನದಲ್ಲಿ ಕಣದಲ್ಲಿದ್ದವರು 2,600ಕ್ಕೂ ಹೆಚ್ಚು, ಗೆಲ್ಲಬಹುದಾಗಿದ್ದವರು 224. ಸೋಲೇ ಸಾಮಾನ್ಯ, ಗೆಲುವು ಅಪವಾದ. ಕರ್ನಾಟಕದ ಏಕೀಕರಣಕ್ಕಾಗಿ ದುಡಿದು, ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರು 1962ರಲ್ಲಿ ತಮ್ಮದೇ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದಲ್ಲಿ ಸೋತರು. ಅವರ ಪಕ್ಷ ಗೆದ್ದಿತ್ತು, ನಾಯಕರು ಸೋತಿದ್ದರು. ಹುನಗುಂದದ ಎಸ್. ಆರ್. ಕಂಠಿಯವರು ಮಾರ್ಚಿನಿಂದ ಜೂನ್‌ವರೆಗೆ ಸುಮಾರು ಮೂರು ತಿಂಗಳು ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಉಪಚುನಾವಣೆಯಲ್ಲಿ ಆಯ್ಕೆಯಾಗಿ ಬಂದ ಮೇಲೆ ಆ ಪೀಠವನ್ನು ಬಿಟ್ಟುಕೊಟ್ಟರು. ಹೊಸದುರ್ಗದ ಮತದಾರನು ನಾಡಿನ ಹಿರಿಯನನ್ನು ಬೇಡವೆಂದದ್ದೂ, ಕಂಠಿಯವರು ಕೈಗೆ ಬಂದ ಪೀಠವನ್ನು ಕೊಟ್ಟ ಮಾತಿನಂತೆ ಬಿಟ್ಟಿಳಿದದ್ದೂ ಒಂದೇ ವರ್ಷದ ಘಟನೆಗಳು. ಎರಡನೆಯದಂತೂ ಈಗ ಪುರಾಣದ ಕಥೆಯಂತೆ ಕೇಳಿಸುತ್ತದೆ.

2004ರಲ್ಲಿ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಎ. ಆರ್. ಕೃಷ್ಣಮೂರ್ತಿಯವರಿಗೆ 40,751 ಮತಗಳೂ ಬಿದ್ದವು. ಅಂತರ ಒಂದೇ ಒಂದು ಮತ. ಸೋತ ಅಭ್ಯರ್ಥಿಯ ವಾಹನ ನಡೆಸುವವನಿಗೇ ಆ ದಿನ ಮತ ಹಾಕಲು ಬಿಡುವಾಗಲಿಲ್ಲವೆಂದು ಪತ್ರಿಕೆಗಳು ಬರೆದವು. ಸಾವಿರಾರು ಬಾಗಿಲುಗಳಲ್ಲಿ ಕೈಮುಗಿದವನು ತನ್ನ ಮೋಟಾರಿನ ಮುಂದಿನ ಆಸನದಲ್ಲಿ ಕುಳಿತವನನ್ನು ಮತದಾರನೆಂದು ನೆನೆಯದೆ ಹೋದುದಾದರೆ, ಸಗಟು ಲೆಕ್ಕದಲ್ಲಿ ಮತವನ್ನೆಣಿಸುವವರೆಲ್ಲರೂ ಕೇಳಬೇಕಾದ ಕಥೆಯಿದು. ಹಳ್ಳಿಯನ್ನು ಹಳ್ಳಿಯಾಗಿ, ಜಾತಿಯನ್ನು ಜಾತಿಯಾಗಿ, ಮಠವನ್ನು ಮಠವಾಗಿ ಎಣಿಸಿದ್ದೆಲ್ಲವೂ ಎಣಿಕೆಯ ದಿನ ಒಂದೊಂದಾಗಿಯೇ ಎಣಿಸಲ್ಪಡುತ್ತದೆ. ಕೃಷ್ಣಮೂರ್ತಿಯವರು ಬಹುಕಾಲ ಕಾದು 2023ರಲ್ಲಿ ಕೊಳ್ಳೇಗಾಲದಿಂದ ಭಾರಿ ಅಂತರದಲ್ಲಿ ಗೆದ್ದರೆಂಬುದನ್ನೂ ಇಲ್ಲಿಯೇ ಹೇಳಬೇಕು. ‘ಉಮೇದುವಾರ’ ಎಂಬ ಶಬ್ದಕ್ಕೆ ಅಂತಹವರೇ ಅರ್ಥ.

ಗೆದ್ದವನ ಮಾತು ಸ್ವಲ್ಪದರಲ್ಲಿ ಮುಗಿಯುತ್ತದೆ. ಶಾಸನಸಭೆಯ ಸದಸ್ಯನ ಕಾಯಕವು ಕಾಯಿದೆಗಳನ್ನು ಓದಿ ಚರ್ಚಿಸುವುದು, ಆಯವ್ಯಯವನ್ನು ಪರೀಕ್ಷಿಸುವುದು, ಸರ್ಕಾರವನ್ನು ಪ್ರಶ್ನಿಸುವುದು. ಮದುವೆಗಳಿಗೆ ಹೋಗಿ ಅಕ್ಷತೆ ಹಾಕುವುದು ಆ ಕಾಯಕದಲ್ಲಿ ಸೇರಿಲ್ಲ. ಮದುವೆಗೆ ಬರಲಿಲ್ಲವೆಂದು ಶಾಸಕನನ್ನು ದೂರುವ ಭಕ್ತರು ಆತನು ಸದನಕ್ಕೆ ಎಷ್ಟು ದಿನ ಹೋದನೆಂದು ಕೇಳಿದರೆ ಹೆಚ್ಚು ಉಪಯೋಗವಾದೀತು. ಒಂದು ಗುರುತಿನಡಿಯಲ್ಲಿ ಬೇಡಿದ ಭಿಕ್ಷೆಯನ್ನು ಮತ್ತೊಂದು ಮನೆಗೆ ಸುರಿಯುವವರನ್ನು ತಡೆಯಲು 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿಯನ್ನು ಸೇರಿಸಿದರು. 2019ರ ಜುಲೈಯಲ್ಲಿ ಕರ್ನಾಟಕದ 17 ಶಾಸಕರು ಅದರಡಿಯಲ್ಲಿ ಅನರ್ಹರಾದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅವರಿಗೆ ಅವಕಾಶ ಕೊಟ್ಟಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು ಅವರಲ್ಲಿ ಹೆಚ್ಚಿನವರು ಮರಳಿ ಗೆದ್ದರು. ಜೋಳಿಗೆ ಬದಲಾದುದನ್ನು ಮತದಾರನೇ ಒಪ್ಪಿದ ಮೇಲೆ ಕಾಯಿದೆ ಮಾಡುವುದೇನು?

ಎಣಿಕೆ ಮುಗಿದ ಮೇಲೆ ಅಸಮಾಧಾನವುಳ್ಳವನು 45 ದಿನಗಳೊಳಗೆ ಹೈಕೋರ್ಟಿಗೆ ಚುನಾವಣಾ ಅರ್ಜಿಯನ್ನು ಸಲ್ಲಿಸಬಹುದು. ಸಲ್ಲಿಸಲಿ, ಅದು ಅವನ ಹಕ್ಕು. ಆದರೆ ಆ 45 ದಿನಗಳೊಳಗೆ ಮಠದಲ್ಲಿ ಒಂದು ಸೋಮವಾರದ ಪ್ರಸಾದವಾದರೂ ಬಂದೇ ಬರುತ್ತದೆ. ಗೆದ್ದವನ ಸುತ್ತ ಜನರಿರುತ್ತಾರೆ. ಅವನಿಗೆ ಎಡೆ ಮಾಡಿಕೊಡುವವರಿಗೆ ಕೊರತೆಯಿಲ್ಲ. ಸೋತವನು ಬಂದು ಕಂಬದ ಮರೆಯಲ್ಲಿ ನಿಂತಿದ್ದರೆ, ಅವನಿಗೆ ಮತ ಕೊಡದೆ ಇದ್ದ ಭಕ್ತನೊಬ್ಬನು ಎದ್ದುಹೋಗಿ ಕೈಹಿಡಿದು ಕರೆತಂದು ತನ್ನ ಪಕ್ಕದ ಎಲೆಯ ಮುಂದೆ ಕೂರಿಸಿಕೊಳ್ಳಲಿ. ಅವನು ಮತ ಕೊಟ್ಟನೋ ಬಿಟ್ಟನೋ ಎಂಬುದು ಇಬ್ಬರಲ್ಲೊಬ್ಬನಿಗೆ ಗೊತ್ತಿಲ್ಲ. ಮತ್ತೊಬ್ಬನು ಹೇಳಬೇಕಾದುದೂ ಇಲ್ಲ.